ನಜರಂದಾಜು ಮತ್ತು ಕಟಾವು: ‘ನೂರು ವರ್ಷಕ್ಕೊಮ್ಮೆ’ ಬರುವ ನೆರೆಯ ಲೆಕ್ಕ



ಕಳೆದ ಸಭೆ ಮುಗಿದು ಎಲ್ಲರೂ ಚಹಾ ಕುಡಿಯುತ್ತಿದ್ದಾಗ ನಮ್ಮ ಒಬ್ಬ ತರುಣ ಸದಸ್ಯರು ನನ್ನನ್ನು ಕೇಳಿದರು: “ಕಾಕಾ, ಹತ್ತು ವರ್ಷದಾಗ ಎರಡು ಸಲ ‘ನೂರು ವರ್ಷಕ್ಕೊಮ್ಮೆ ಬರೋ ಮಳಿ’ ಅಂತ ಪೇಪರಿನ್ಯಾಗ ಓದೇನಿ. ಈ ಲೆಕ್ಕ ಯಾರು ಮಾಡ್ತಾರ? ಹೆಂಗ ಮಾಡ್ತಾರ?” ನನಗೆ ಆಗ ಸರಿಯಾದ ಉತ್ತರ ಹೊಳೆಯಲಿಲ್ಲ. ಮನೆಗೆ ಬಂದ ಮೇಲೆ ಕೆಲವು ವಾರ ಈ ವಿಷಯ ಓದಿದೆ, ಓದಿದ ಮಕ್ಕಳನ್ನು ಕೇಳಿದೆ. ನಾನು ವಿಜ್ಞಾನಿಯಲ್ಲ, ತಹಸೀಲ್ ಕಚೇರಿಯಲ್ಲಿ ಗುಮಾಸ್ತನಾಗಿ ನಿವೃತ್ತನಾದವನು. ಆದರೆ ಓದುತ್ತ ಹೋದಂತೆ, ಇದು ನಾವು ಕಚೇರಿಯಲ್ಲಿ ಪ್ರತಿ ವರ್ಷ ಮಾಡುತ್ತಿದ್ದ ಪೈಸೇವಾರಿ ಲೆಕ್ಕದ ಅಣ್ಣನೇ ಎಂದು ತಿಳಿಯಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಮಗೇಕೆ ಈ ಲೆಕ್ಕ?

ಆದೋನಿ ಕಡೆಯ ಸದಸ್ಯರಿಗೆ 2009ರ ಅಕ್ಟೋಬರ್ ಮೊದಲ ವಾರವನ್ನು ನೆನಪಿಸಬೇಕಾಗಿಲ್ಲ. ತುಂಗಭದ್ರಾ ಉಕ್ಕಿ ಮಂತ್ರಾಲಯ ಮುಳುಗಿತು, ಕರ್ನೂಲು ಪಟ್ಟಣದೊಳಗೆ ನೀರು ನುಗ್ಗಿತು. ಕೆಳಗೆ ಶ್ರೀಶೈಲ ಅಣೆಕಟ್ಟಿಗೆ ಸುಮಾರು 25 ಲಕ್ಷ ಕ್ಯೂಸೆಕ್ ನೀರು ಬಂತು. ಆ ಅಣೆಕಟ್ಟಿನ ಕೋಡಿಯನ್ನು ಲೆಕ್ಕ ಹಾಕಿ ಕಟ್ಟಿದ್ದು ಸುಮಾರು 19 ಲಕ್ಷ ಕ್ಯೂಸೆಕ್ ನೀರಿಗೆ. ದೇವರ ದಯೆಯಿಂದ ಅಣೆಕಟ್ಟು ನಿಂತಿತು. ಆದರೆ ಇಷ್ಟಕ್ಕಿಂತ ಹೆಚ್ಚು ನೀರು ಬರಲಾರದು ಎಂದು ಒಂದು ಕಾಲದಲ್ಲಿ ಬರೆದಿಟ್ಟ ಅಂಕಿಯನ್ನು ನದಿ ದಾಟಿಹೋಯಿತು.

2020ರ ಅಕ್ಟೋಬರ್ ಮಧ್ಯದಲ್ಲಿ ನಮ್ಮ ಭೀಮೆಯ ಸರದಿ. ಬಂಗಾಳ ಕೊಲ್ಲಿಯ ವಾಯುಭಾರ ಕುಸಿತ ಕಾಕಿನಾಡದ ಹತ್ತಿರ ದಡ ದಾಟಿ, ತೆಲಂಗಾಣದ ಮೇಲಿಂದ ನಮ್ಮ ಕಡೆಗೆ ಬಂತು. ಪಂಢರಪುರದಿಂದ ಹಿಡಿದು ಕಲಬುರಗಿ ಜಿಲ್ಲೆಯವರೆಗೆ ನದಿದಂಡೆಯ ಹಳ್ಳಿಗಳು ನೀರು ಕಂಡವು. 2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಊರುಗಳ ಮೇಲೆ ಗುಡ್ಡವೇ ಜಾರಿ ನೂರಾರು ಜನ ಹೋದರು.

ಸೇತುವೆಯ ಎತ್ತರ, ಅಣೆಕಟ್ಟಿನ ಗೇಟು, ನದಿದಂಡೆಯಲ್ಲಿ ಮನೆ ಕಟ್ಟಲು ಪರವಾನಗಿ, ಬೆಳೆ ವಿಮೆ, ಎಲ್ಲದರ ಹಿಂದೆ ಒಂದೇ ಪ್ರಶ್ನೆಯಿದೆ: ಅಪರೂಪದ ದೊಡ್ಡ ನೆರೆ ಎಷ್ಟು ದೊಡ್ಡದು, ಎಷ್ಟು ಅಪರೂಪದ್ದು? ಈ ಅಂಕಿ ತಪ್ಪಿದರೆ ಅದರ ಬೆಲೆ ತೆರುವವರು ದಂಡೆಯ ಮೇಲಿನ ಜನ.

‘ನೂರು ವರ್ಷಕ್ಕೊಮ್ಮೆ’ ಎಂದರೆ ಏನು?

ಮೊದಲು ಆ ತರುಣರ ಅನುಮಾನ ಪರಿಹರಿಸೋಣ. ನೂರು ವರ್ಷಕ್ಕೊಮ್ಮೆ ಎಂದರೆ ಒಂದು ಸಲ ಬಂದರೆ ಇನ್ನು ನೂರು ವರ್ಷ ನಿಶ್ಚಿಂತೆ ಎಂದಲ್ಲ. ಯಾವುದೇ ಒಂದು ವರ್ಷದಲ್ಲಿ ಅದು ಬರುವ ಸಾಧ್ಯತೆ ನೂರಕ್ಕೆ ಒಂದು ಎಂದಷ್ಟೇ ಅರ್ಥ. ಈ ವರ್ಷ ಬಂದರೂ ಮುಂದಿನ ವರ್ಷದ ಸಾಧ್ಯತೆ ಅಷ್ಟೇ ಇರುತ್ತದೆ. 30 ವರ್ಷದ ಸಾಲ ಮಾಡಿ ನದಿ ಹತ್ತಿರ ಮನೆ ಕಟ್ಟಿದರೆ, ಸಾಲ ತೀರುವುದರೊಳಗೆ ಅಂಥ ನೆರೆ ಒಮ್ಮೆಯಾದರೂ ಬರುವ ಸಾಧ್ಯತೆ ಶೇಕಡಾ 26. ಅಂದರೆ ನಾಲ್ಕು ಮನೆಗೆ ಒಂದು. ಇದು ಸಣ್ಣ ಅಪಾಯವಲ್ಲ. ಇನ್ನು ‘ನೂರು ವರ್ಷಕ್ಕೊಮ್ಮೆ’ಯ ಮಳೆ ಬೇರೆ ಬೇರೆ ಊರುಗಳಲ್ಲಿ ಬೇರೆ ಬೇರೆ ವರ್ಷ ಬೀಳುವುದರಿಂದ, ಪತ್ರಿಕೆಯಲ್ಲಿ ಆ ಮಾತು ಮೇಲಿಂದ ಮೇಲೆ ಕಾಣುವುದೂ ಸಹಜ.

ಆದರೆ ನೂರಕ್ಕೆ ಒಂದು ಎಂಬ ಅಂಕಿ ಎಲ್ಲಿಂದ ಬಂತು? ಹಳೆಯ ಪದ್ಧತಿ ಎಂದರೆ ಮಳೆಮಾಪಕದ ರಿಜಿಸ್ಟರು, ನದಿ ಮಟ್ಟದ ರಿಜಿಸ್ಟರು ತೆಗೆದು, ಪ್ರತಿ ವರ್ಷದ ಅತಿ ದೊಡ್ಡ ಅಂಕಿಯನ್ನು ಸಾಲಾಗಿ ಬರೆದು, ಅದಕ್ಕೊಂದು ಗೆರೆ ಎಳೆದು ಮುಂದಕ್ಕೆ ಚಾಚುವುದು. ಈ ಗೆರೆಯ ಗಣಿತವನ್ನು 1928ರಲ್ಲಿ ಫಿಶರ್ ಮತ್ತು ಟಿಪ್ಪೆಟ್ ತೋರಿಸಿಕೊಟ್ಟರು. ಜರ್ಮನಿಯಿಂದ ಹೊರದಬ್ಬಿಸಿಕೊಂಡ ಎಮಿಲ್ ಗುಂಬೆಲ್ ಅದನ್ನು ನೆರೆಯ ಲೆಕ್ಕಕ್ಕೆ ಬಳಸಿ ಬೆಳೆಸಿದರು. ಒಳ್ಳೆಯ ಪದ್ಧತಿಯೇ. ಆದರೆ ಕೈಯಲ್ಲಿ 40-50 ವರ್ಷದ ದಾಖಲೆ ಇಟ್ಟುಕೊಂಡು ಸಾವಿರ ವರ್ಷಕ್ಕೊಮ್ಮೆ ಬರುವ ನೆರೆಯ ಮಾತಾಡುವುದು, ಒಂದು ವಾರದ ಖರ್ಚು ನೋಡಿ ಮನೆಯ ಹತ್ತು ವರ್ಷದ ಬಜೆಟ್ ಬರೆದಂತೆ. ಮೇಲಾಗಿ ಭೂಮಿ ಬಿಸಿಯಾಗುತ್ತಿರುವ ಕಾಲದಲ್ಲಿ ಅಜ್ಜನ ಕಾಲದ ಮಳೆ ಮೊಮ್ಮಗನ ಕಾಲಕ್ಕೆ ಪೂರ್ತಿ ಹೊಂದುವುದೂ ಇಲ್ಲ.

ಕಂಪ್ಯೂಟರಿನೊಳಗಿನ ವರ್ಷಗಳು

ಹೀಗಾಗಿ ವಿಜ್ಞಾನಿಗಳು ಕಂಪ್ಯೂಟರಿನೊಳಗೆ ಗಾಳಿ, ಸಮುದ್ರ, ಮೋಡದ ಲೆಕ್ಕ ಹಾಕಿ ‘ಬರಬಹುದಾಗಿದ್ದ’ ವರ್ಷಗಳನ್ನು ಸೃಷ್ಟಿಸುತ್ತಾರೆ. ನಿಜವಾಗಿ ಬಂದ ವರ್ಷ ಒಂದೇ. ಅದೇ ಹವಾಮಾನದಲ್ಲಿ ಬೇರೆ ರೀತಿಯಲ್ಲಿ ಬರಬಹುದಾಗಿದ್ದ ವರ್ಷಗಳು ಸಾವಿರಾರು.

ಇದಕ್ಕೆ ಒಳ್ಳೆಯ ಉದಾಹರಣೆ ಬ್ರಿಟನ್ನಿನದು. 2013-14ರ ಚಳಿಗಾಲದಲ್ಲಿ ದಕ್ಷಿಣ ಇಂಗ್ಲೆಂಡಿನಲ್ಲಿ ದಾಖಲೆ ಮಳೆಯಾಗಿ ಥೇಮ್ಸ್ ದಂಡೆಗಳು ಮುಳುಗಿದವು. ಅಲ್ಲಿಯ ಹವಾಮಾನ ಇಲಾಖೆಯ ವಿಜ್ಞಾನಿಗಳು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೈಯಲ್ಲಿದ್ದ ದಾಖಲೆಗಿಂತ ಸುಮಾರು ನೂರು ಪಟ್ಟು ಹೆಚ್ಚು ಚಳಿಗಾಲಗಳನ್ನು ಕಂಪ್ಯೂಟರಿನಲ್ಲಿ ಓಡಿಸಿ ನೋಡಿದರು. ಆಗ್ನೇಯ ಇಂಗ್ಲೆಂಡಿನಲ್ಲಿ ಯಾವುದೇ ಚಳಿಗಾಲದ ಒಂದು ತಿಂಗಳಾದರೂ ಹಳೆಯ ಮಳೆ ದಾಖಲೆ ಮುರಿಯುವ ಸಾಧ್ಯತೆ ಶೇಕಡಾ 7 ಎಂದು ಬಂತು. ಇಂಗ್ಲೆಂಡ್ ಮತ್ತು ವೇಲ್ಸ್‌ನ ಇನ್ನಷ್ಟು ಪ್ರದೇಶ ಸೇರಿಸಿ, ಎಲ್ಲಾದರೂ ಒಂದು ಕಡೆ ಎಂದು ಕೇಳಿದರೆ ಶೇಕಡಾ 34. ಕಣ್ಣಿಗೆ ಕಾಣದಿದ್ದ ಅಪಾಯ ಅಂಕಿಯಾಗಿ ಮೇಜಿನ ಮೇಲೆ ಬಂತು. ಗಮನಿಸಬೇಕಾದ್ದು ಏನೆಂದರೆ, ಈ ಅಂಕಿ ಹೇಳುವ ಮೊದಲು ಅವರು ಕಂಪ್ಯೂಟರ್ ಮಳೆಯ ಸರಾಸರಿ, ಏರಿಳಿತ ಎಲ್ಲವೂ ನಿಜವಾದ ಮಳೆಮಾಪಕದ ಅಂಕಿಯೊಂದಿಗೆ ತಾಳೆಯಾಗುತ್ತದೆಯೇ ಎಂದು ಪರೀಕ್ಷಿಸಿದ್ದರು.

ಆದರೆ ಇಲ್ಲೊಂದು ಖರ್ಚಿನ ಪ್ರಶ್ನೆಯಿದೆ. ಕಂಪ್ಯೂಟರ್ ಮಾದರಿಗಳು ಭೂಮಿಯನ್ನು ಚೌಕಗಳಾಗಿ ಕತ್ತರಿಸಿ ಲೆಕ್ಕ ಹಾಕುತ್ತವೆ. ಕೃಷ್ಣೆ ಹುಟ್ಟುವ ಮಹಾಬಳೇಶ್ವರದಲ್ಲಿ ವರ್ಷಕ್ಕೆ 5,000 ಮಿ.ಮೀ.ಗೂ ಹೆಚ್ಚು ಮಳೆ, ಘಟ್ಟ ಇಳಿದು ವಾಯಿಗೆ ಬಂದರೆ ಅದರ ಒಂದು ಸಣ್ಣ ಪಾಲು. 60 ಕಿ.ಮೀ. ಚೌಕದ ಮಾದರಿಗೆ ಎರಡೂ ಒಂದೇ ಊರು. ಚೌಕ ಸಣ್ಣದು ಮಾಡಿದರೆ ಘಟ್ಟ ಕಾಣುತ್ತದೆ, ಮೋಡ ಕಾಣುತ್ತದೆ. ಆದರೆ ಚೌಕದ ಅಗಲ ಅರ್ಧಕ್ಕೆ ಇಳಿಸಿದರೆ ಚೌಕಗಳ ಸಂಖ್ಯೆ ನಾಲ್ಕು ಪಟ್ಟು, ಸಮಯದ ಹೆಜ್ಜೆಯೂ ಅರ್ಧ ಮಾಡಬೇಕು. ಒಟ್ಟು ಕೆಲಸ ಸುಮಾರು ಎಂಟು ಪಟ್ಟು. ನಮ್ಮ ದೇಶ 2025ರ ಮೇ ತಿಂಗಳಲ್ಲಿ 12 ಕಿ.ಮೀ.ಯಿಂದ 6 ಕಿ.ಮೀ. ಚೌಕದ ‘ಭಾರತ್ ಫೋರ್‌ಕಾಸ್ಟ್ ಸಿಸ್ಟಮ್’ಗೆ ಬಂತು. ಅದರ ಹಿಂದೆ ಪುಣೆಯಲ್ಲಿ ಕೂರಿಸಿದ ‘ಅರ್ಕ’ ಎಂಬ ಮಹಾಗಣಕ ಇದೆ. ಸೆಕೆಂಡಿಗೆ 11,000 ಲಕ್ಷ ಕೋಟಿಗೂ ಮೇಲ್ಪಟ್ಟು ಲೆಕ್ಕ ಮಾಡುವ ಯಂತ್ರ ಅದು. ಅಂಥ ಯಂತ್ರಕ್ಕೂ ಸಣ್ಣ ಚೌಕದಲ್ಲಿ ಒಂದು ಲಕ್ಷ ವರ್ಷ ಓಡಿಸುವುದು ಆಗದ ಮಾತು.

ಒಂದು ಲಕ್ಷ ವರ್ಷ ಏಕೆ ಬೇಕು? ಸಾವಿರ ವರ್ಷಕ್ಕೊಮ್ಮೆ ಬರುವ ನೆರೆಯ ಸಾಧ್ಯತೆಯನ್ನು ಹತ್ತಕ್ಕೊಂದು ಪಾಲು ತಪ್ಪಿನೊಳಗೆ ಹೇಳಬೇಕಾದರೆ ಅಂಥ ನೆರೆಗಳನ್ನು ಸುಮಾರು ನೂರು ಸಲ ಎಣಿಸಬೇಕು. ನೂರು ಸಲ ಎಣಿಸಲು ಲಕ್ಷ ವರ್ಷ.

ಅಗ್ಗದ ಮಾದರಿ ಲಕ್ಷ ವರ್ಷ ಓಡುತ್ತದೆ, ಆದರೆ ಮಬ್ಬುಗಣ್ಣು. ದುಬಾರಿ ಮಾದರಿ ಸ್ಪಷ್ಟ ಕಾಣುತ್ತದೆ, ಆದರೆ ಸಾವಿರ ವರ್ಷ ಓಡಿಸುವುದೇ ಹೆಚ್ಚು. ಏನು ಮಾಡಬೇಕು?

ತಹಸೀಲ್ ಕಚೇರಿಯ ಉತ್ತರ

ಇಲ್ಲಿಯೇ ನನಗೆ ಪೈಸೇವಾರಿ ನೆನಪಾಯಿತು. ಮಹಾರಾಷ್ಟ್ರದ ಸದಸ್ಯರಿಗೆ ಗೊತ್ತು, ಉಳಿದವರಿಗಾಗಿ ಹೇಳುತ್ತೇನೆ. ಪ್ರತಿ ಹಂಗಾಮಿನಲ್ಲಿ ಊರೂರಿನ ಬೆಳೆಯನ್ನು ಮೊದಲು ಕಣ್ಣಳತೆಯಿಂದ ಅಂದಾಜು ಮಾಡುತ್ತಾರೆ. ಅದಕ್ಕೆ ನಜರಂದಾಜು ಪೈಸೇವಾರಿ ಎಂದೇ ಹೆಸರು. ತಲಾಠಿ ಹೊಲದ ಬದುವಿನ ಮೇಲೆ ನಿಂತು ನೋಡಿ ಬರೆಯುತ್ತಾನೆ. ಖರ್ಚಿಲ್ಲ, ಎಲ್ಲ ಊರೂ ಮುಗಿಯುತ್ತದೆ. ಆಮೇಲೆ ಆರಿಸಿದ ಕೆಲವೇ ಹೊಲಗಳಲ್ಲಿ ಅಳತೆಯ ತುಂಡು ಗುರುತಿಸಿ, ಬೆಳೆ ಕೊಯ್ದು, ಬಡಿದು, ತೂಗುತ್ತಾರೆ. ಅದು ಕಟಾವು ಪ್ರಯೋಗ. ಕೂಲಿ ಬೇಕು, ದಿನ ಬೇಕು, ಸಾಕ್ಷಿ ಬೇಕು. ನಮ್ಮ ಕಾಲದಲ್ಲಿ ಅಂತಿಮ ಪೈಸೇವಾರಿ 50 ಪೈಸೆಗಿಂತ ಕೆಳಗೆ ಬಂದ ಊರಿಗೆ ಬರಗಾಲದ ಸವಲತ್ತು ಸಿಗುತ್ತಿತ್ತು.

ಒಂದು ವರ್ಷದ ಹಿಂಗಾರಿ ಜೋಳದ ಮಾತು. ನಜರಂದಾಜಿನ ತಖ್ತೆಯನ್ನು ನಾನೇ ಕೈಯಿಂದ ಬರೆದಿದ್ದೆ, ಒಂದು ಸಾಲಿನ ಊರುಗಳೆಲ್ಲ 55, 58, 60 ಪೈಸೆ. ಹೊಲ ನೋಡಲು ಹಸಿರಾಗಿತ್ತು, ದಂಟು ಎತ್ತರವಾಗಿತ್ತು. ಕಟಾವು ಮಾಡಿದಾಗ ತೆನೆಯಲ್ಲಿ ಕಾಳೇ ಕಟ್ಟಿರಲಿಲ್ಲ. ಹಲವು ಊರು 50ರ ಕೆಳಗೆ ಬಂದವು. ಆದರೆ ಕಟಾವು ಆರಿಸದ ಪಕ್ಕದ ಎರಡು ಊರುಗಳಿಗೆ ಹಳೆಯ ಅಂಕಿಯೇ ಉಳಿಯಿತು, ಸವಲತ್ತು ತಪ್ಪಿತು. ಆ ಊರ ಹಿರಿಯರೊಬ್ಬರು ಕಚೇರಿಗೆ ಬಂದು ನನ್ನ ಮೇಜಿನ ಮೇಲೆ ಒಂದು ತೆನೆ ಇಟ್ಟು ಹೋದರು. ಮಾತಾಡಲಿಲ್ಲ. ತಖ್ತೆ ನನ್ನ ಅಕ್ಷರದಲ್ಲಿತ್ತು.

ಕಣ್ಣಳತೆ ಸುಳ್ಳಲ್ಲ, ಅದೊಂದನ್ನೇ ನಂಬುವುದು ತಪ್ಪು. ಕಣ್ಣಳತೆಯಿಂದ ವಿಂಗಡಿಸಬೇಕು, ಕಟಾವಿನಿಂದ ತಿದ್ದಬೇಕು. ಇದನ್ನು ಗಣಿತದ ರೂಪದಲ್ಲಿ 1938ರಲ್ಲೇ ಜೆರ್ಜಿ ನೇಮನ್ ಬರೆದರು: ಮೊದಲು ದೊಡ್ಡ ಗುಂಪಿನಲ್ಲಿ ಅಗ್ಗದ ಅಳತೆ, ಆಮೇಲೆ ಅದರೊಳಗೆ ಆರಿಸಿದ ಸಣ್ಣ ಗುಂಪಿನಲ್ಲಿ ದುಬಾರಿ ಅಳತೆ. ನಮ್ಮ ದೇಶದಲ್ಲಿ ಮಹಲನೋಬಿಸ್ ಮತ್ತು ಸಾತಾರಾ ಜಿಲ್ಲೆಯವರಾದ ಪಿ.ವಿ. ಸುಖಾತ್ಮೆ ಬೆಳೆ ಅಂದಾಜಿನಲ್ಲಿ ಹೊಲ ಆರಿಸಿ ತೂಗುವ ಪದ್ಧತಿಯನ್ನು ಬೇರೂರಿಸಿದರು. ಇಂದು ಹವಾಮಾನದ ಕಂಪ್ಯೂಟರಿನಲ್ಲಿ ನಡೆಯುತ್ತಿರುವುದೂ ಅದೇ ವಿದ್ಯೆ.

ಒಂದು ಲೆಕ್ಕ ಮಾಡಿ ನೋಡೋಣ

ಈ ಅಂಕಿಗಳು ತಿಳಿವಳಿಕೆಗಾಗಿ ನಾನೇ ಇಟ್ಟುಕೊಂಡವು. ಅಗ್ಗದ ಮಾದರಿಯನ್ನು 1,00,000 ವರ್ಷ ಓಡಿಸಿದೆವು. ಅದು ಹೇಳಿದ ಮಳೆಯ ಪ್ರಕಾರ ನಾಲ್ಕು ಗುಡ್ಡೆ ಮಾಡಿದೆವು. ‘ಅಪಾಯ’ 400 ವರ್ಷ, ‘ಅಂಚಿನದು’ 1,600, ‘ಸಾಧಾರಣ’ 8,000, ‘ಏನೂ ಇಲ್ಲ’ 90,000.

ಈಗ ದುಬಾರಿ ಮಾದರಿಯಿಂದ ಕಟಾವು. ಮೊದಲ ಗುಡ್ಡೆಯ 400ನ್ನೂ ಓಡಿಸಿದೆವು, 240ರಲ್ಲಿ ನಿಜಕ್ಕೂ ನೆರೆ. ಎರಡನೆಯದರಲ್ಲಿ ನಾಲ್ಕಕ್ಕೆ ಒಂದರಂತೆ 400 ಆರಿಸಿದೆವು, 30ರಲ್ಲಿ ನೆರೆ. ಅದು 120 ವರ್ಷಕ್ಕೆ ಸಮ. ಮೂರನೆಯದರಲ್ಲಿ ಇಪ್ಪತ್ತಕ್ಕೆ ಒಂದರಂತೆ 400 ಆರಿಸಿದೆವು, ಒಂದರಲ್ಲಿ ನೆರೆ. ಅದು 20 ವರ್ಷಕ್ಕೆ ಸಮ. ಒಟ್ಟು 380. ಅಂದರೆ ಲಕ್ಷ ವರ್ಷದಲ್ಲಿ 380 ಸಲ, ಸುಮಾರು 260 ವರ್ಷಕ್ಕೊಮ್ಮೆ.

ಅಗ್ಗದ ಮಾದರಿಯ ಮಾತೊಂದನ್ನೇ ಕೇಳಿದ್ದರೆ 400 ಎನ್ನುತ್ತಿದ್ದೆವು. ಹೆಚ್ಚು ಕಡಿಮೆ ಅದೇ ಬಂತಲ್ಲ ಎನ್ನಬೇಡಿ. ಅದು ಹೆಸರಿಸಿದ 400ರಲ್ಲಿ 160 ತಪ್ಪು, ಬಿಟ್ಟುಹೋದದ್ದು 140. ಎರಡು ತಪ್ಪು ಪರಸ್ಪರ ಹೊಡೆದುಹೋದವು, ಅಷ್ಟೇ. ಇನ್ನೊಂದು ನದಿಗೆ ಹೀಗಾಗುವ ಭರವಸೆಯಿಲ್ಲ.

ದುಬಾರಿ ಮಾದರಿಯ ಈ 1,200 ಓಟಗಳನ್ನು ಕಣ್ಣುಮುಚ್ಚಿ ಯಾವುದೋ 1,200 ವರ್ಷಕ್ಕೆ ಖರ್ಚು ಮಾಡಿದ್ದರೆ ನಾಲ್ಕೈದು ನೆರೆ ಕಾಣುತ್ತಿದ್ದವು. ನಾಲ್ಕೈದರಿಂದ ಮಾಡಿದ ಅಂದಾಜು ಅರ್ಧದಷ್ಟು ಆಚೀಚೆ ಆಗಬಹುದು. ವಿಂಗಡಿಸಿ ಓಡಿಸಿದ್ದರಿಂದ ತಪ್ಪು ಸುಮಾರು ಹತ್ತಕ್ಕೊಂದು ಪಾಲಿಗೆ ಇಳಿಯಿತು. ಅದೇ ಖರ್ಚಿನಲ್ಲಿ ಐದು ಪಟ್ಟು ನಿಖರ. ಇದೇ ಈ ವಿದ್ಯೆಯ ಲಾಭ.

ನೋಡದೆ ಬಿಟ್ಟ ಹೊಲ

ಆದರೆ ಓದುಗರು ಗಮನಿಸಿರಬಹುದು, ನಾಲ್ಕನೆಯ ಗುಡ್ಡೆಯನ್ನು ನಾವು ಮುಟ್ಟಲೇ ಇಲ್ಲ. 90,000 ವರ್ಷಗಳನ್ನು ಅಗ್ಗದ ಮಾದರಿಯ ಮಾತು ನಂಬಿ ‘ಏನೂ ಇಲ್ಲ’ ಎಂದು ಬದಿಗಿಟ್ಟೆವು. ಅದರಲ್ಲಿ 500ಕ್ಕೆ ಒಂದರಂತೆ ನೆರೆ ಅಡಗಿದ್ದರೂ 180 ಆಯಿತು. ನಮ್ಮ ಉತ್ತರ 380ರಿಂದ 560ಕ್ಕೆ ಏರುತ್ತದೆ, 260 ವರ್ಷಕ್ಕೊಮ್ಮೆ ಎಂದದ್ದು 180 ವರ್ಷಕ್ಕೊಮ್ಮೆ ಆಗುತ್ತದೆ. ಆ ಗುಡ್ಡೆಯಲ್ಲಿ 200 ವರ್ಷ ಆರಿಸಿ ನೋಡಿ ಒಂದೂ ನೆರೆ ಸಿಗದಿದ್ದರೂ ನಿಶ್ಚಿಂತೆ ಸಾಲದು, ಏಕೆಂದರೆ 500ಕ್ಕೆ ಒಂದು ಇರುವುದು 200ರಲ್ಲಿ ಸಿಗದಿರುವುದೇ ಹೆಚ್ಚು. ನನ್ನ ಮೇಜಿನ ಮೇಲೆ ತೆನೆ ಇಟ್ಟುಹೋದ ಹಿರಿಯರ ಊರು ಇದೇ ಗುಡ್ಡೆಯದು.

ಇದು ಬರೀ ಊಹೆಯ ಭಯವಲ್ಲ. ಈಗ ಹವಾಮಾನಕ್ಕೂ ಕೃತಕ ಬುದ್ಧಿಮತ್ತೆಯ ಮಾದರಿಗಳು ಬಂದಿವೆ. ಹಳೆಯ ಹವೆಯ ದಾಖಲೆ ಓದಿ ಕಲಿತು, ಸೆಕೆಂಡುಗಳಲ್ಲಿ ಮುನ್ಸೂಚನೆ ಕೊಡುತ್ತವೆ. ಇವು ಹೊಸ ಕಾಲದ ನಜರಂದಾಜು. ಇವುಗಳ ಲಾಭ ದೊಡ್ಡದು. 2025ರ ಮುಂಗಾರಿಗೆ ಮೊದಲು ಕೇಂದ್ರ ಕೃಷಿ ಮಂತ್ರಾಲಯ ಇಂಥ ಮಾದರಿಗಳ ಸಹಾಯದಿಂದ ಸುಮಾರು 3.8 ಕೋಟಿ ರೈತರಿಗೆ ಮಳೆ ಯಾವಾಗ ಬರುತ್ತದೆಂದು ಮೊಬೈಲ್ ಸಂದೇಶ ಕಳಿಸಿತು. ಅಮೆರಿಕದ ಬರ್ಕ್ಲಿ ಪ್ರಯೋಗಾಲಯದವರು 2023ರ ಬೇಸಿಗೆಯ ಒಂದೊಂದು ದಿನಕ್ಕೂ 7,424 ಬಗೆಯ ಮುನ್ಸೂಚನೆ ಓಡಿಸಿ ಅಪರೂಪದ ಸೆಕೆಗಳನ್ನು ಹುಡುಕಿದರು. ಯುರೋಪಿನ ಹೆಸರಾಂತ ಮುನ್ಸೂಚನಾ ಕೇಂದ್ರದ ರೂಢಿಯ ಗುಂಪಿನಲ್ಲಿ ಇರುವುದು 50ರಷ್ಟು.

ಆದರೆ 2025ರಲ್ಲೇ ಪ್ರಕಟವಾದ ಇನ್ನೊಂದು ಅಧ್ಯಯನ ಇದರ ಮಿತಿಯನ್ನೂ ತೋರಿಸಿತು. ಸಂಶೋಧಕರು ಇಂಥ ಒಂದು ಮಾದರಿಗೆ ಕಲಿಸುವಾಗ ದೊಡ್ಡ ಚಂಡಮಾರುತಗಳನ್ನು, ಅಂದರೆ 3ರಿಂದ 5ನೇ ವರ್ಗದವನ್ನು, ಪಾಠದಿಂದ ತೆಗೆದುಹಾಕಿದರು. ಆಮೇಲೆ 5ನೇ ವರ್ಗದ ಚಂಡಮಾರುತ ಎದುರಿಗಿಟ್ಟಾಗ ಆ ಮಾದರಿ ಅದನ್ನು ಸಣ್ಣದೆಂದೇ ಹೇಳಿತು. ತಾನು ಕಾಣದಷ್ಟು ದೊಡ್ಡದನ್ನು ಅದು ಊಹಿಸಲಿಲ್ಲ. ನಮಗೆ ಬೇಕಾದ್ದೇ ಯಾರೂ ಕಾಣದಷ್ಟು ದೊಡ್ಡ ನೆರೆಯ ಲೆಕ್ಕ.

ವಯನಾಡಿನ ವಿಷಯದಲ್ಲೂ ಇದೇ ಪಾಠ. ದುರಂತದ ಬಳಿಕ ವಿಶ್ವದ ವಿಜ್ಞಾನಿಗಳ ಒಂದು ತಂಡ, ಭೂಮಿ ಬಿಸಿಯಾದ್ದರಿಂದ ಅಂದಿನ ಮಳೆಯ ತೀವ್ರತೆ ಸುಮಾರು ಶೇಕಡಾ 10 ಹೆಚ್ಚಾಗಿದೆ ಎಂದು ಅಂದಾಜು ಮಾಡಿತು. ಅದರ ಜೊತೆಗೇ, ಪ್ರದೇಶ ಸಣ್ಣದು, ಗುಡ್ಡಗಾಡು, ಆದ್ದರಿಂದ ಮಾದರಿಗಳ ಫಲದಲ್ಲಿ ಅನಿಶ್ಚಿತತೆ ಹೆಚ್ಚು ಎಂದೂ ಪ್ರಾಮಾಣಿಕವಾಗಿ ಬರೆಯಿತು. ಅಂಕಿಯ ಪಕ್ಕದಲ್ಲಿ ಅದರ ಅನುಮಾನವನ್ನೂ ಬರೆಯುವವರನ್ನು ನಂಬಬಹುದು ಎಂಬುದು ನನ್ನ ಅಭಿಪ್ರಾಯ.

ನಾವು ಏನು ಮಾಡಬಹುದು?

ನಮ್ಮ ಊರುಗಳಿಗೆ ಇನ್ನೊಂದು ತೊಡಕಿದೆ. ಮಳೆ ಬೀಳುವುದು ಒಂದು ರಾಜ್ಯದ ರಿಜಿಸ್ಟರಿನಲ್ಲಿ, ನೀರು ಬರುವುದು ಇನ್ನೊಂದು ರಾಜ್ಯದ ಹೊಲಕ್ಕೆ. ಭೀಮೆ, ಕೃಷ್ಣೆ, ತುಂಗಭದ್ರೆಗೆ ಗಡಿ ಗೊತ್ತಿಲ್ಲ. ಕಂಪ್ಯೂಟರ್ ಎಷ್ಟೇ ದೊಡ್ಡದಿರಲಿ, ಕೊನೆಗೆ ತಾಳೆ ನೋಡಬೇಕಾದ್ದು ನೆಲದ ಮೇಲಿನ ಅಳತೆಯೊಂದಿಗೆ. ಅದು ಅತಿ ದುಬಾರಿ, ಅತಿ ಬೆಲೆಬಾಳುವ ಕಟಾವು.

ಆದ್ದರಿಂದ ಗ್ರಾಮಸಭೆಯಲ್ಲಾಗಲಿ, ಸೇತುವೆ ಅಥವಾ ಬ್ಯಾರೇಜಿನ ಅಹವಾಲು ಸಭೆಯಲ್ಲಾಗಲಿ, ‘ನೂರು ವರ್ಷದ ನೆರೆಗೆ ಕಟ್ಟಿದ್ದೇವೆ’ ಎಂದು ಅಧಿಕಾರಿಗಳು ಹೇಳಿದಾಗ ನಮ್ಮ ಸದಸ್ಯರು ವಿನಯದಿಂದ ಮೂರು ಪ್ರಶ್ನೆ ಕೇಳಬೇಕೆಂದು ವಿನಂತಿ.

ಒಂದು, ಈ ಅಂಕಿ ಎಷ್ಟು ವರ್ಷದ, ಯಾವ ಸ್ಥಳದ ಅಳತೆಯಿಂದ ಬಂತು?

ಎರಡು, ಕಂಪ್ಯೂಟರ್ ಮಾದರಿ ಬಳಸಿದ್ದರೆ ಅದನ್ನು ನಮ್ಮ ಕಡೆಯ ಮಳೆ, ನಮ್ಮ ನದಿಯ ಮಟ್ಟದೊಂದಿಗೆ ತಾಳೆ ನೋಡಿದ್ದಾರೆಯೇ?

ಮೂರು, ಈ ಅಂಕಿ ಎಷ್ಟು ಆಚೀಚೆ ಆಗಬಹುದು, ಆದರೆ ಮೊದಲು ಮುಳುಗುವ ಓಣಿ ಯಾವುದು?

ಇನ್ನೊಂದು ಕೆಲಸ ನಮ್ಮ ಕೈಯಲ್ಲೇ ಇದೆ. ಹಳೆಯ ನೆರೆಯ ಗುರುತು ಹಲವು ಊರುಗಳಲ್ಲಿ ಗುಡಿಯ ಗೋಡೆ, ಬಾವಿಯ ಕಟ್ಟೆ, ಅಗಸೆ ಬಾಗಿಲಿನ ಮೇಲೆ ಇರುತ್ತದೆ. ನೀಲಗಿರಿ, ವಯನಾಡಿನ ತೋಟದ ಮನೆಗಳಲ್ಲಿ ಹಿರಿಯರು ದಿನದಿನದ ಮಳೆ ಬರೆದಿಟ್ಟ ಪುಸ್ತಕ ಇರಬಹುದು. ಸರ್ಕಾರಿ ರಿಜಿಸ್ಟರು ಶುರುವಾಗುವ ಮೊದಲಿನ ಒಂದು ನಂಬಿಗಸ್ತ ಗುರುತು ಸಿಕ್ಕರೂ ಲೆಕ್ಕಕ್ಕೆ ಹಲವು ದಶಕದ ಬಲ ಬರುತ್ತದೆ. ನಿಮ್ಮ ಊರಲ್ಲಿ ಅಂಥದ್ದಿದ್ದರೆ ಫೋಟೋ ತೆಗೆದು, ಜಾಗ, ಇಸವಿ, ಹೇಳಿದವರ ವಯಸ್ಸು ಬರೆದು ಮುಂದಿನ ಸಭೆಗೆ ತನ್ನಿ. ಒಂದು ವಹಿ ಮಾಡಿ ಸಂಘದಲ್ಲಿ ಇಡೋಣ, ಸಂಬಂಧಪಟ್ಟ ಇಲಾಖೆಗೆ ಪ್ರತಿ ಕಳಿಸೋಣ. ಹಳೆಯ ಅಭ್ಯಾಸದಂತೆ ತಖ್ತೆ ನಾನೇ ಬರೆಯುತ್ತೇನೆ. ಈ ಸಲ ಯಾವ ಊರನ್ನೂ ಬಿಡುವುದು ಬೇಡ.

ಇಂತಿ ನಿಮ್ಮ,
ಕಾರ್ಯದರ್ಶಿ